ಮಂಡಿನೋವು ಒಂದೇ, ಗುಳಿಗೆ ಬೇರೆ: ಹೋಮಿಯೋಪಥಿ ಲಕ್ಷಣ ಓದುವ ಬಗೆ

ಗುಂಡ್ಲುಪೇಟೆ ಕಡೆ ಚೆಂಡು ಹೂ ಬಿಡಿಸುವ ಇಬ್ಬರು ಹೆಂಗಸರು ಮಂಡಿನೋವು ಅಂತ ಒಬ್ಬರೇ ಹೋಮಿಯೋಪಥಿ ಡಾಕ್ಟರ ಹತ್ತಿರ ಹೋದರು ಅಂದುಕೊಳ್ಳಿ. ಒಬ್ಬಾಕೆ, "ಕೂತು ಏಳುವಾಗ ಹಿಡ್ಕತದ, ನಾಕೆಜ್ಜೆ ನಡುದ್ರ ಸರಿಯಾಯ್ತದ. ಮೋಡ ಆದ್ರ ಜಾಸ್ತಿ" ಅನ್ನುತ್ತಾರೆ. ಇನ್ನೊಬ್ಬಾಕೆ, "ಅಲ್ಲಾಡಿದ್ರ ನೋವು, ಸುಮ್ನ ಮಲಗಿದ್ರೇ ವಾಸಿ. ಬಾಯಾರಿಕೆನೂ ಜಾಸ್ತಿ" ಅನ್ನುತ್ತಾರೆ. ಪುಸ್ತಕದ ಪ್ರಕಾರ ಮೊದಲನೆಯವರಿಗೆ ರಸ್ ಟಾಕ್ಸ್, ಎರಡನೆಯವರಿಗೆ ಬ್ರಯೋನಿಯಾ.

ಅಂದರೆ ಇಲ್ಲಿ ರೋಗದ ಹೆಸರಿಗಿಂತ ಅದು ಯಾವಾಗ ಹೆಚ್ಚುತ್ತೆ, ಯಾವುದರಿಂದ ತಗ್ಗುತ್ತೆ ಅನ್ನೋದು ಮುಖ್ಯ. ನಿದ್ದೆ, ಬೆವರು, ಸಿಟ್ಟು, ಅಳು, ಉಪ್ಪು-ಸಿಹಿಯ ಆಸೆ ಎಲ್ಲವನ್ನೂ ಕೇಳೋದು ಅದಕ್ಕೇ. ಜರ್ಮನಿಯ ಸ್ಯಾಮ್ಯುಯೆಲ್ ಹಾನಿಮನ್ 1790ರಲ್ಲಿ ಸಿಂಕೋನಾ ತೊಗಟೆ ತಾವೇ ಸೇವಿಸಿ, ಚಳಿಜ್ವರದಂಥ ಲಕ್ಷಣ ಬಂತು ಅಂದರು. ಆರೋಗ್ಯವಂತರಲ್ಲಿ ಯಾವ ಲಕ್ಷಣ ಹುಟ್ಟಿಸುತ್ತದೋ ಅದೇ ಲಕ್ಷಣದ ರೋಗಿಗೆ ಅದೇ ಮದ್ದು ಎಂಬ ಸೂತ್ರ ಅಲ್ಲಿಂದ ಬೆಳೆಯಿತು. ಈರುಳ್ಳಿ ಹೆಚ್ಚಿದರೆ ಕಣ್ಣು ಮೂಗು ಸುರಿಯುತ್ತವಲ್ಲ, ನೆಗಡಿಗೆ ಈರುಳ್ಳಿಯಿಂದ ಮಾಡಿದ ಏಲಿಯಂ ಸೀಪಾ ಕೊಡುವುದು ಇದೇ ಲೆಕ್ಕದಲ್ಲಿ. ಯಾವ ಲಕ್ಷಣಕ್ಕೆ ಯಾವ್ಯಾವ ಮದ್ದು ಎಂದು ಹುಡುಕುವ ದಪ್ಪ ಪುಸ್ತಕಕ್ಕೆ ರೆಪರ್ಟರಿ ಅನ್ನುತ್ತಾರೆ. ಕೆಂಟ್ ಅವರದು ಪ್ರಸಿದ್ಧ. ಈಗ ಅದು ಕಂಪ್ಯೂಟರಿಗೂ ಬಂದಿದೆ.

ಇಷ್ಟು ತಾಳ್ಮೆಯಿಂದ ಕೇಳುವವರು ಸಿಕ್ಕರೆ ಯಾರಿಗೆ ಬೇಡ? ನನ್ನ ತಕರಾರು ಕೇಳುವುದರ ಮೇಲಲ್ಲ, ಕೇಳಿದ್ದನ್ನು ಬಳಸುವುದರ ಮೇಲೆ. '30 ಸಿ' ಅಂದರೆ ನೂರಕ್ಕೆ ಒಂದರಂತೆ 30 ಸಲ ತೆಳು ಮಾಡಿದ್ದು. 12 ಸಲ ದಾಟುವಷ್ಟರಲ್ಲೇ ಮೂಲವಸ್ತುವಿನ ಒಂದು ಅಣುವೂ ಉಳಿಯುವುದು ಅನುಮಾನ. ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿ 2015ರಲ್ಲಿ, ಇದು ಪರಿಣಾಮಕಾರಿ ಎನ್ನಲು ವಿಶ್ವಾಸಾರ್ಹ ಪುರಾವೆ ಇರುವ ಕಾಯಿಲೆ ಒಂದೂ ಇಲ್ಲ ಎಂದಿತು.

ನಮ್ಮ ಜಿಲ್ಲೆಯಲ್ಲಿ ಇದು ಬರೀ ವಾದವಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಸಿಕಲ್ ಸೆಲ್ ರಕ್ತಹೀನತೆ ಇದೆ. ಅದರಲ್ಲೂ ಸುಸ್ತು, ಮೂಳೆ-ಕೀಲು ನೋವು. ಚಳಿಗೆ ನೋವು ಕೆರಳಬಹುದು. ಈ ಲಕ್ಷಣಗಳನ್ನು ಹಿಡಿದು ರೆಪರ್ಟರಿ ತಿರುವಿದರೆ ಒಂದು ಗುಳಿಗೆ ಸಿಕ್ಕೇ ಸಿಗುತ್ತೆ. ಆದರೆ ಕಾರಣ ಇರೋದು ಹುಟ್ಟಿನಿಂದ ಬಂದ ಹಿಮೋಗ್ಲೋಬಿನ್ನಿನಲ್ಲಿ, ಅದು ರಕ್ತ ಪರೀಕ್ಷೆಗೆ ಮಾತ್ರ ಸಿಕ್ಕುತ್ತೆ. ಗೊತ್ತಾದರೆ ಹೈಡ್ರಾಕ್ಸಿಯೂರಿಯಾದಂಥ ಔಷಧ ಇದೆ. ಮಗು ಪದೇ ಪದೇ ಕೈಕಾಲು ನೋವು ಅಂದರೆ ಯಾವ ಪದ್ಧತಿಯ ಡಾಕ್ಟರೇ ಆಗಲಿ, "ರಕ್ತ ಪರೀಕ್ಷೆಗೆ ಬರೆದುಕೊಡಿ ಸಾರ್" ಅಂತ ಕೇಳಿ. ಚಾಮರಾಜನಗರದ ಜಿಲ್ಲಾಸ್ಪತ್ರೆಗೆ ಹೋಗಿ ಬರುವ ಒಂದು ದಿನದ ಕೂಲಿ ಹೋಗುತ್ತೆ, ನಿಜ. ಆದರೂ ಗುಳಿಗೆಗೆ ಮುಂಚೆ ಅದಾಗಲಿ.