ಎಡೆದೊರೆ ನಾಡಿನಲ್ಲಿ ಅಧಿಕಾರಿಗಳಿಗೆ ಸಮತೆಯ ಬೋಧೆ

ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ರಾಯಚೂರು ಸೀಮೆಯನ್ನು ಪ್ರಾಚೀನ ಶಾಸನಗಳು ಎಡೆದೊರೆ ನಾಡೆಂದು ಕರೆಯುತ್ತವೆ. ರಾಜ್ಯಗಳ ಗಡಿಯಾಗಿ, ರಣಭೂಮಿಯಾಗಿ ಈ ನಾಡಿನ ಚರಿತ್ರೆ ಸಾಕಷ್ಟು ಬರೆಯಲ್ಪಟ್ಟಿದೆ. ಆದರೆ ಇಲ್ಲಿ ಆಳುವವರಿಗೂ ಆಳಿಸಿಕೊಳ್ಳುವವರಿಗೂ ದೂರದಿಂದ ಕಲಿಸಿದವರಾರು, ಕಲಿಸಿದುದೇನು ಎಂಬ ವಿಚಾರವು ಅಷ್ಟಾಗಿ ವಿದ್ವಾಂಸರ ಗಮನಕ್ಕೆ ಬಂದಂತೆ ತೋರುವುದಿಲ್ಲ. ಅಭಿವೃದ್ಧಿಕಾರ್ಯದಲ್ಲಿ ತೊಡಗಿದ ಅಧಿಕಾರಿಗಳಿಗೆ ಸ್ತ್ರೀಪುರುಷ ಸಮತೆಯನ್ನು ಇಂಟರ್ನೆಟ್ಟಿನ ಮೂಲಕ ಬೋಧಿಸುವ ಆನ್‌ಲೈನ್ ತರಬೇತಿಯು ಈಚಿನ ವರ್ಷಗಳಲ್ಲಿ ರಾಯಚೂರು, ದೇವದುರ್ಗ, ಮಾನ್ವಿಗಳಂಥ ಊರುಗಳ ಕಚೇರಿಗಳಿಗೂ ಎಟಕುವಂತಾಗಿದೆ. ಇದು ಸಂಪೂರ್ಣ ನೂತನವಾದುದೆಂಬ ಭಾವನೆ ಪ್ರಚಲಿತವಾಗಿದೆ. ಸಾಧನವು ಹೊಸದೆಂಬುದು ನಿಜ. ದೂರದಿಂದ ಪಾಠ ಕಳುಹಿಸುವ ಪ್ರಯತ್ನ ಮಾತ್ರ ಹಳೆಯದು. ನಡುವೆ ಬದಲಾದುದು ಮುಖ್ಯವಾಗಿ ಒಂದು: ಪಾಠಕ್ಕೆ ಕುಳಿತ ವಿದ್ಯಾರ್ಥಿ ಯಾರು ಎಂಬುದು.

ಅಧಿಕಾರಿಗೆ ಪಾಠ ಹೇಳಬೇಕೆಂಬ ಅತ್ಯಂತ ಪ್ರಾಚೀನವಾದ ಲಿಖಿತ ಸಾಕ್ಷ್ಯವು ಈ ನಾಡಿಗೆ ಸಮೀಪದಲ್ಲಿಯೇ ದೊರೆತಿದೆ. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಕಂಡುಬಂದ ಶಾಸನವು ಅಶೋಕನ ಹೆಸರನ್ನು ಬೆಳಕಿಗೆ ತಂದು ಪ್ರಸಿದ್ಧವಾಯಿತು. ಪ್ರಕೃತ ವಿಷಯಕ್ಕೆ ಅದಕ್ಕಿಂತ ಹೆಚ್ಚು ಉಪಯುಕ್ತವಾದುದು ಕಲಬುರಗಿ ಜಿಲ್ಲೆಯ ಭೀಮಾತೀರದ ಸನ್ನತಿಯಲ್ಲಿ 1980ರ ದಶಕದಲ್ಲಿ ದೊರೆತ ಶಿಲೆ. ಅಲ್ಲಿಯವರೆಗೆ ಕಳಿಂಗದ ಧೌಲಿ, ಜೌಗಡಗಳಲ್ಲಿ ಮಾತ್ರ ತಿಳಿದಿದ್ದ ಎರಡು ಪ್ರತ್ಯೇಕ ಶಾಸನಗಳ ಪಾಠ ಈ ಶಿಲೆಯ ಮೇಲೆಯೂ ಉಂಟು. ಅವು ಪ್ರಜೆಗಳಿಗಲ್ಲ, ಮಹಾಮಾತ್ರರಿಗೆ ಬರೆದವು. ಅಸೂಯೆ, ಕೋಪ, ಆತುರ, ಆಲಸ್ಯ ಇವುಗಳಿಂದ ಅಧಿಕಾರಿಯ ನ್ಯಾಯ ಕೆಡುವುದೆಂದು ಎಚ್ಚರಿಸಿ, ತಿಷ್ಯ ನಕ್ಷತ್ರದ ದಿನಗಳಲ್ಲಿ ಈ ಲಿಪಿಯನ್ನು ಓದಿಸಿ ಕೇಳಬೇಕೆಂದೂ, ಆ ದಿನಗಳ ನಡುವೆ ಒಬ್ಬನೇ ಇದ್ದರೂ ಕೇಳಬಹುದೆಂದೂ ಧೌಲಿ ಜೌಗಡಗಳ ಪಾಠವು ವಿಧಿಸುತ್ತದೆ. ಸನ್ನತಿಯಲ್ಲಿ ದೊರೆತ ಮತ್ತೊಂದು ಶಾಸನ, ಎಂದರೆ ಹನ್ನೆರಡನೆಯ ಬಂಡೆಶಾಸನವು, ತನ್ನ ಪೂರ್ಣಪಾಠವಿರುವ ಇತರ ಸ್ಥಳಗಳಲ್ಲಿ ಸ್ತ್ರೀಯರ ವಿಚಾರಕ್ಕೆ ನಿಯುಕ್ತರಾದ ಮಹಾಮಾತ್ರರನ್ನು ಹೆಸರಿಸುತ್ತದೆ. ಇವರ ಕೆಲಸ ಇಂದಿನ ಅರ್ಥದ ಸಮತೆಯಾಗಿತ್ತೆಂದು ಹೇಳುವುದು ಅತಿಶಯೋಕ್ತಿಯಾದೀತು. ಆದರೆ ಅಧಿಕಾರಿಯೂ ಕಲಿಯಬೇಕಾದವನೇ ಎಂಬ ತತ್ತ್ವವು ಇಲ್ಲಿ ನಿಸ್ಸಂದಿಗ್ಧವಾಗಿದೆ.

ಈ ಸೀಮೆಯದೇ ಇನ್ನೊಂದು ಕಥೆ ಸಾಹಿತ್ಯದ ಅಧ್ಯಾಪಕರಿಗೆ ಪರಿಚಿತವಾದುದು. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರೆನ್ನುವ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳಲ್ಲಿ, ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಗಂಡನನ್ನು ಹಿಂದಕ್ಕೆ ಕಳುಹಿಸಿ ಕಾಯಕದ ಮರ್ಮವನ್ನು ತಿಳಿಸಿದವಳು ಹೆಂಡತಿ. ಆಕೆಯ ಅಂಕಿತದಲ್ಲಿ ಗಂಡನ ಹೆಸರೂ ಸೇರಿದೆ. ಪಾಠದಲ್ಲಿ ಮಾತ್ರ ಗುರುಸ್ಥಾನ ಆಕೆಯದು.

ಪಾರಿಭಾಷಿಕ ಪದವನ್ನು ಕುರಿತೂ ಒಂದು ಮಾತು ಅವಶ್ಯ. ಇಂಗ್ಲಿಷಿನ ‘ಜೆಂಡರ್’ ಮೊದಲು ವ್ಯಾಕರಣದ ಶಬ್ದವಾಗಿದ್ದು, ಕಳೆದ ಶತಮಾನದ ಉತ್ತರಾರ್ಧದಲ್ಲಿ ಸಮಾಜವು ಸ್ತ್ರೀಗೂ ಪುರುಷನಿಗೂ ವಿಧಿಸಿದ ಪಾತ್ರಗಳೆಂಬ ಅರ್ಥಕ್ಕೆ ತಿರುಗಿತು. ಕನ್ನಡದಲ್ಲಿ ‘ಲಿಂಗ’ವೂ ವೈಯಾಕರಣರದೇ ಪದ. ಕೇಶಿರಾಜನನ್ನು ಓದಿದವರಿಗೆ ಲಿಂಗವೆಂಬುದು ನಾಮಪದದ ಧರ್ಮವೆಂದು ಹೇಳಿಕೊಡಬೇಕಾಗಿಲ್ಲ. ಆದರೆ ವೀರಶೈವ ಪರಂಪರೆ ದೃಢವಾಗಿರುವ ಈ ಸೀಮೆಯಲ್ಲಿ ಆ ಪದ ಕಿವಿಗೆ ಬಿದ್ದೊಡನೆ ಮೊದಲು ಮೂಡುವುದು ಬೇರೆಯೇ ಅರ್ಥ. ‘ಲಿಂಗಸಮಾನತೆ’ ಎಂಬ ಕಚೇರಿಯ ಸಮಾಸಕ್ಕಿಂತ ‘ಗಂಡು ಹೆಣ್ಣು ಸಮ’ ಎಂಬ ಮಾತು ಹಳ್ಳಿಯ ಸಭೆಯಲ್ಲಿ ಬೇಗ ಅರ್ಥವಾಗುವುದರಲ್ಲಿ ಆಶ್ಚರ್ಯವಿಲ್ಲ.

ಆಧುನಿಕ ಕಾಲದಲ್ಲಿ ಆಕಾಶಮಾರ್ಗವಾಗಿ ಪಾಠವು ಈ ನಾಡಿಗೆ ಇಳಿದುದು 1975ರ ಆಗಸ್ಟ್ 1ರಂದು. ಅದರ ಹಿಂದಿನ ವರ್ಷವೇ ಸ್ತ್ರೀಯರ ಸ್ಥಿತಿಗತಿಗಳನ್ನು ಪರಿಶೀಲಿಸಿದ ರಾಷ್ಟ್ರೀಯ ಸಮಿತಿ ‘ಸಮಾನತೆಯತ್ತ’ ಎಂಬ ಅರ್ಥದ ಹೆಸರಿನ ವರದಿಯನ್ನು ಒಪ್ಪಿಸಿತ್ತು. ಉಪಗ್ರಹದ ಮೂಲಕ ಬೋಧನೆಯ ಪ್ರಯೋಗಕ್ಕಾಗಿ ಭಾರತವು ಅಮೆರಿಕದ ನಾಸಾ ಸಂಸ್ಥೆಯೊಡನೆ 1969ರಲ್ಲಿ ಒಪ್ಪಂದ ಮಾಡಿಕೊಂಡಿತು. ಅದರಂತೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಟೆಲಿವಿಷನ್ ಪೆಟ್ಟಿಗೆಗಳನ್ನು ಇರಿಸಲಾಯಿತು. ಕರ್ನಾಟಕದಲ್ಲಿ ಆರಿಸಲ್ಪಟ್ಟ ಜಿಲ್ಲೆಗಳು ಬಿಜಾಪುರ, ಗುಲ್ಬರ್ಗ ಮತ್ತು ರಾಯಚೂರು. ದೇವದುರ್ಗ ಮಾನ್ವಿಗಳಲ್ಲದೆ ಇಂದಿನ ಕೊಪ್ಪಳವೂ ಆಗ ರಾಯಚೂರಿಗೇ ಸೇರಿತ್ತು. ಕೋಳಿಗೂಡಿನ ಬಲೆಯಂಥ ತಂತಿಯಿಂದ ಹೆಣೆದ ಸುಮಾರು ಮೂರು ಮೀಟರ್ ಅಗಲದ ಆಂಟೆನಾ, ಅದರ ಕೆಳಗೆ ಊರಿಗೆಲ್ಲ ಒಂದೇ ಪೆಟ್ಟಿಗೆ. ಕನ್ನಡದ ಪಾಠಗಳು ಹೈದರಾಬಾದಿನ ಕೇಂದ್ರದಲ್ಲಿ ತಯಾರಾಗುತ್ತಿದ್ದುವು. 1956ರವರೆಗೆ ಹೈದರಾಬಾದಿನ ಆಳ್ವಿಕೆಯಲ್ಲಿದ್ದ ಜಿಲ್ಲೆಗೆ ಎರಡು ದಶಕಗಳ ಅನಂತರ ಪಾಠವೂ ಅಲ್ಲಿಂದಲೇ ಬಂದುದು ಕಾಕತಾಳೀಯವಾದರೂ ಗಮನಿಸತಕ್ಕುದು. ಬೆಳಿಗ್ಗೆ ಮಕ್ಕಳಿಗೆ, ಸಂಜೆ ಕೃಷಿ, ಆರೋಗ್ಯ, ಕುಟುಂಬಯೋಜನೆಗಳ ವಿಚಾರ ದೊಡ್ಡವರಿಗೆ.

ಈ ಪ್ರಯೋಗವು 1976ರ ಜುಲೈ 31ಕ್ಕೆ ಮುಗಿಯಿತು. ಅದನ್ನು ಕುರಿತ ಸಾಮಾಜಿಕ ಪರಿಶೀಲನೆಯಲ್ಲಿ ಒಂದಂಶ ವಿಶೇಷ ಬೆಲೆಯುಳ್ಳದ್ದು. ನೆರೆಯುತ್ತಿದ್ದ ಪ್ರೇಕ್ಷಕರಲ್ಲಿ ಸ್ತ್ರೀಯರು ಕಡಮೆ. ಆದರೂ ಆರೋಗ್ಯಾದಿ ವಿಷಯಗಳಲ್ಲಿ ಹೆಚ್ಚು ತಿಳಿವಳಿಕೆಯನ್ನು ಗಳಿಸಿದವರು ಸ್ತ್ರೀಯರೂ ಅನಕ್ಷರಸ್ಥರೂ ಆಗಿದ್ದರು. ಮೊದಲು ಕಲಿಯುವ ಅವಕಾಶವೇ ಇಲ್ಲದಿದ್ದವರಿಗೆ ಅವಕಾಶ ದೊರೆತೊಡನೆ ಅಂತರವು ಕಿರಿದಾಯಿತೆಂಬುದೇ ಇದರ ಸಹಜವಾದ ಅರ್ಥ. ಇದೇ ಪ್ರಯೋಗದಲ್ಲಿ ವಿಜ್ಞಾನಬೋಧನೆಗಾಗಿ ಸುಮಾರು ಅರ್ಧ ಲಕ್ಷ ಪ್ರಾಥಮಿಕ ಶಾಲೆಯ ಉಪಾಧ್ಯಾಯರು ಹನ್ನೆರಡು ದಿನಗಳ ತರಬೇತಿಯನ್ನು ಪರದೆಯ ಮುಂದೆ ಪಡೆದರು. ಸರ್ಕಾರದ ನೌಕರನೂ ದೂರದ ಪಾಠಕ್ಕೆ ಅರ್ಹನೆಂಬುದು ಹೀಗೆ ಸಿದ್ಧವಾಯಿತು. ಆದರೆ ಹೆಣ್ಣಿನ ಕಷ್ಟಸುಖದ ವಿಚಾರ ಬಂದಾಗ ಪಾಠ ಕೇಳುವವಳು ಅವಳೇ ಆಗಿದ್ದಳು. ಅವಳ ಅರ್ಜಿಯನ್ನು ತೆಗೆದುಕೊಳ್ಳುವವನಿಗೆ ಆ ಪಾಠ ಇರಲಿಲ್ಲ. ಅಜ್ಞಾನವು ಅರ್ಜಿದಾರಳ ಕಡೆಯಲ್ಲಿ ಮಾತ್ರ ಇದೆಯೆಂಬ ಈ ಊಹೆಯೇ ಮುಂದಿನ ಎರಡು ದಶಕಗಳ ಕಾರ್ಯಕ್ರಮಗಳಲ್ಲಿಯೂ ಬಹುಮಟ್ಟಿಗೆ ಉಳಿದುಬಂದಿತು.

ಪಂಚಾಯತಿಗಳ ಕಾಲ ಬಂದಾಗ ಈ ಸ್ಥಿತಿ ಸ್ವಲ್ಪ ಸಡಿಲವಾಯಿತು. 1983ರ ಕರ್ನಾಟಕದ ಕಾನೂನು ಸ್ತ್ರೀಯರಿಗೆ ಶೇಕಡ 25 ಸ್ಥಾನಗಳನ್ನು ಕಾದಿರಿಸಿತು. ಅದರಂತೆ ಚುನಾವಣೆ ನಡೆದುದು 1987ರಲ್ಲಿ. ಸಂವಿಧಾನದ 73ನೆಯ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದು ಮೂರನೆಯ ಒಂದು ಭಾಗವನ್ನು ವಿಧಿಸಿತು. 2010ರಲ್ಲಿ ಕರ್ನಾಟಕವು ಅದನ್ನು ಅರ್ಧಕ್ಕೆ ಏರಿಸಿತು. ಇಷ್ಟು ಮಂದಿ ಹೊಸ ಸದಸ್ಯೆಯರನ್ನು ಮೈಸೂರಿಗೆ ಕರೆಸಿ ಕಲಿಸುವುದು ಅಸಾಧ್ಯವಾದುದರಿಂದ ಪುನಃ ಉಪಗ್ರಹದ ಮೊರೆಹೋಗಬೇಕಾಯಿತು. ಮೈಸೂರಿನಲ್ಲಿರುವ ಅಬ್ದುಲ್ ನಜೀರ್ ಸಾಬ್ ಹೆಸರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆಯಿಂದ ಪ್ರಸಾರವಾದ ಪಾಠವನ್ನು ಸದಸ್ಯೆಯರು ತಾಲ್ಲೂಕು ಕೇಂದ್ರಗಳ ಕೊಠಡಿಗಳಲ್ಲಿ ಒಟ್ಟಿಗೆ ಕುಳಿತು ನೋಡಿದರು. ಚಿತ್ರ ಒಂದು ಕಡೆಯಿಂದ ಬಂದರೂ ಧ್ವನಿ ಎರಡೂ ಕಡೆಗೆ ಸಾಗುತ್ತಿತ್ತು. ಹಳ್ಳಿಯ ಸದಸ್ಯೆ ದೂರವಾಣಿಯಲ್ಲಿ ಪ್ರಶ್ನೆ ಕೇಳಿದರೆ ಅದು ಎಲ್ಲ ಕೊಠಡಿಗಳಲ್ಲಿಯೂ ಕೇಳಿಸುತ್ತಿತ್ತು. 1975ರ ಪೆಟ್ಟಿಗೆಗೆ ಕಿವಿಯಿರಲಿಲ್ಲ, ಇದಕ್ಕೆ ಇತ್ತು. ಇದೇ ಕಾಲದ ಮಹಿಳಾ ಸಮಾಖ್ಯೆಯು 1989ರಲ್ಲಿ ಬೀದರ, ಬಿಜಾಪುರ, ಮೈಸೂರುಗಳಲ್ಲಿ ಆರಂಭವಾಗಿ ಅನಂತರ ರಾಯಚೂರಿಗೂ ಹಬ್ಬಿತು. ಅದರ ಸಂಘಗಳಲ್ಲಿ ಉಪಗ್ರಹವಿರಲಿಲ್ಲ. ಸಹಯೋಗಿನಿ ನಡೆದುಹೋಗಿ ಹೆಂಗಸರ ನಡುವೆ ಕುಳಿತು ಅವರ ಪ್ರಶ್ನೆಯಿಂದಲೇ ಪಾಠವನ್ನು ಹೊರಡಿಸುತ್ತಿದ್ದಳು.

ಅಧಿಕಾರಿಯು ವಿದ್ಯಾರ್ಥಿಯಾದುದಕ್ಕೆ ಹೊರಗಿನ ಪ್ರೇರಣೆಗಳು ಕಾರಣ. 1980ರ ದಶಕದಲ್ಲಿ ಲಂಡನ್ನಿನಲ್ಲಿ ಕ್ಯಾರೊಲೈನ್ ಮೋಸರ್ ಮೊದಲಾದವರು ಯೋಜನೆ ಮಾಡುವವರಿಗೇ ತರಬೇತಿ ಬೇಕೆಂದು ವಾದಿಸಿದರು. 1995ರ ಬೀಜಿಂಗ್ ಸಮ್ಮೇಳನ ಆ ವಾದವನ್ನು ಸರ್ಕಾರಗಳ ಹೊಣೆಯನ್ನಾಗಿ ಮಾಡಿತು. ರಾಜಸ್ಥಾನದಲ್ಲಿ ಬಾಲ್ಯವಿವಾಹವನ್ನು ತಡೆಯಲು ಹೋದ ಗ್ರಾಮಸೇವಕಿಯೊಬ್ಬಳಿಗೆ 1992ರಲ್ಲಿ ಆದ ಅನ್ಯಾಯದಿಂದ ಹುಟ್ಟಿದ ವಿಶಾಖಾ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1997ರಲ್ಲಿ ನಿಯಮಗಳನ್ನು ವಿಧಿಸಿತು; 2013ರ ಕಾನೂನು ಕಚೇರಿಯ ನೌಕರರಿಗೆ ತಿಳಿವಳಿಕೆ ನೀಡುವುದನ್ನು ಯಜಮಾನನ ಕರ್ತವ್ಯವೆಂದಿತು. 2010ರಲ್ಲಿ ಸ್ಥಾಪಿತವಾದ ವಿಶ್ವಸಂಸ್ಥೆಯ ಮಹಿಳಾ ವಿಭಾಗವು ಆನ್‌ಲೈನ್ ಪಾಠಕ್ರಮಗಳನ್ನು ತೆರೆಯಿತು. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಮಂತ್ರಿಮಂಡಲವು ಕರ್ಮಯೋಗಿ ಯೋಜನೆಗೆ ಒಪ್ಪಿಗೆ ಕೊಟ್ಟ ಮೇಲೆ ಸರ್ಕಾರಿ ನೌಕರನು ತನ್ನ ಕೈಯ ಮೊಬೈಲಿನಲ್ಲಿಯೇ ಪಾಠ ನೋಡಿ, ಪ್ರಶ್ನೆಗೆ ಗುರುತು ಹಾಕಿ, ಪ್ರಮಾಣಪತ್ರ ಪಡೆಯುವ ಪದ್ಧತಿ ರೂಢಿಗೆ ಬಂದಿತು.

ಈ ಪಾಠದ ಬೆಲೆ ರಾಯಚೂರು ಸೀಮೆಯಲ್ಲಿ ಎಷ್ಟೆಂಬುದನ್ನು ಅಂಕಿಗಳೇ ಸೂಚಿಸುತ್ತವೆ. 2011ರ ಜನಗಣತಿಯಲ್ಲಿ ಜಿಲ್ಲೆಯ ಗಂಡಸರಲ್ಲಿ ಶೇಕಡ 70 ಮಂದಿ ಸಾಕ್ಷರರು. ಹೆಂಗಸರಲ್ಲಿ ಶೇಕಡ 49 ಮಾತ್ರ. 2002ರಲ್ಲಿ ನಂಜುಂಡಪ್ಪ ಸಮಿತಿಯು ದೇವದುರ್ಗ ಮಾನ್ವಿಗಳನ್ನು ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ ಎಣಿಸಿತು. ಇಂಥಲ್ಲಿ ಸಮತೆಯ ಕಾನೂನು ಪುಸ್ತಕದಿಂದ ಊರಿಗೆ ಇಳಿಯುವುದು ಕೆಳಗಿನ ಅಧಿಕಾರಿಯ ಲೇಖನಿಯಿಂದ. ಕರ್ನಾಟಕದಲ್ಲಿ 1994ರಿಂದಲೂ, ದೇಶಕ್ಕೆಲ್ಲ 2005ರಿಂದಲೂ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕುಂಟು. ಆದರೆ ತಂದೆ ತೀರಿದ ಮೇಲೆ ಪಹಣಿಯಲ್ಲಿ ಅವಳ ಹೆಸರು ಬರುವುದೋ ಇಲ್ಲವೋ ಎಂಬುದು ವಾರಸುದಾರರ ವಂಶವೃಕ್ಷವನ್ನು ಬರೆದುಕೊಳ್ಳುವವನು ಯಾರನ್ನು ಏನು ಕೇಳಿದನೆಂಬುದನ್ನು ಅವಲಂಬಿಸಿದೆ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಕಂಡ ಮಾನ್ವಿಯ ಹೊಲಕ್ಕೆ ಬೆಲೆ ಬಂದಷ್ಟೂ ಆ ಪ್ರಶ್ನೆಯನ್ನು ಕೇಳದೆ ಬಿಡುವ ಆಸೆಯೂ ಬೆಳೆಯುತ್ತದೆ. 2006ರ ಫೆಬ್ರವರಿಯಲ್ಲಿ ಉದ್ಯೋಗಖಾತರಿ ಕಾನೂನು ಮೊದಲು ಜಾರಿಯಾದ 200 ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ, ಐದು ಎಳೆಯ ಮಕ್ಕಳಿದ್ದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸು ಎಂದು ಅದು ವಿಧಿಸಿತು. ಕಾಲುವೆಯ ದಂಡೆಯಲ್ಲಿ ಮಣ್ಣು ಹೊರುವ ತಾಯಿಗೆ ಆ ವಿಧಿಯನ್ನು ಹೇಳಬೇಕಾದವನು ಪಂಚಾಯತಿಯ ನೌಕರ. ಇದನ್ನು ಅವನಿಗೆ ಕಲಿಸುವ ಪಾಠವು ಅಲಂಕಾರದ ಮಾತಲ್ಲ.

ಆನ್‌ಲೈನ್ ಪದ್ಧತಿಯ ಗುಣಗಳನ್ನು ಅಲ್ಲಗಳೆಯಲಾಗದು. ಹಸುಗೂಸನ್ನು ಬಿಟ್ಟು ಹತ್ತು ದಿನ ಪರಸ್ಥಳದಲ್ಲಿರಲಾರದ ಅಧಿಕಾರಿಣಿಗೆ ಇದು ಬಾಗಿಲನ್ನು ತೆರೆದಿದೆ. ದೇವದುರ್ಗಕ್ಕೂ ರಾಜಧಾನಿಗೂ ಒಂದೇ ಪಾಠ ಒಂದೇ ದಿನ ತಲಪುತ್ತದೆ. ಆದರೆ ಹಿಂದಿನ ಪ್ರಯೋಗಗಳಲ್ಲಿ ಫಲ ಕೊಟ್ಟ ಎರಡು ಅಂಗಗಳು, ಎಂದರೆ ಒಟ್ಟಿಗೆ ಕುಳಿತು ಕೇಳುವುದು ಮತ್ತು ಎಲ್ಲರಿಗೂ ಕೇಳಿಸುವಂತೆ ಮರುಪ್ರಶ್ನೆ ಮಾಡುವುದು, ಒಬ್ಬೊಬ್ಬನ ಮೊಬೈಲಿನೊಳಗೆ ಕ್ಷೀಣವಾಗಿವೆ. ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕುವುದು ಪ್ರಶ್ನೆಯಲ್ಲ. ಅಲ್ಲದೆ ಉಪಗ್ರಹದ ಕಾಲದಲ್ಲಿ ಸದಸ್ಯೆಯು ಕೇಳಿದ ಪ್ರಶ್ನೆಯಿಂದ ಕಲಿಸುವವನಿಗೂ ಹಳ್ಳಿಯ ಸ್ಥಿತಿ ತಿಳಿಯುತ್ತಿತ್ತು. ಈಗ ಪಾಠ ಮುಗಿಸಿದವರ ಸಂಖ್ಯೆ ಮಾತ್ರ ಮೇಲಕ್ಕೆ ಹೋಗುತ್ತದೆ. ಜಿಲ್ಲೆಯ ತರಬೇತಿ ಕೇಂದ್ರದಲ್ಲಿ ಗ್ರಾಮಲೆಕ್ಕಿಗನಾಗಿದ್ದವನನ್ನೂ ಪಂಚಾಯತಿಯ ಅಧ್ಯಕ್ಷೆಯನ್ನೂ ಸಂಘದ ಹೆಂಗಸನ್ನೂ ಒಂದೇ ಪರದೆಯ ಮುಂದೆ ಕೂರಿಸಿ, ಒಂದು ಹೊಲದ ಪಹಣಿಯನ್ನು ಎದುರಿಗಿಟ್ಟು ಅದೇ ಪಾಠವನ್ನು ನಡೆಸುವುದಕ್ಕೆ ಯಂತ್ರದ ಅಡ್ಡಿ ಯಾವುದೂ ಇಲ್ಲ. ಹಾಗೆ ನಡೆಸಿದಲ್ಲಿ ಕೇಳಿದ ಪ್ರಶ್ನೆಗಳನ್ನು ಪ್ರಮಾಣಪತ್ರಗಳ ಲೆಕ್ಕದೊಡನೆ ಬರೆದಿಡುವುದು ಮುಂದಿನ ಚರಿತ್ರಕಾರನಿಗೂ ಉಪಕಾರವಾದೀತು.