ಬಟವಾಡೆಯಲ್ಲಿ ಮುರಿದ ಅರವತ್ತು ರೂಪಾಯಿ

ಸಹಕಾರ ಸಂಘಗಳ ಸದಸ್ಯರಿಗೆಂದು ಬಂದ ಯಶಸ್ವಿನಿ ಆರೋಗ್ಯ ಯೋಜನೆಯ ಕಥೆ ಹೇಳುವವರು ಸಾಮಾನ್ಯವಾಗಿ ಹೃದಯ ಶಸ್ತ್ರಚಿಕಿತ್ಸಕ ಡಾ. ದೇವಿ ಶೆಟ್ಟಿಯವರಿಂದ ಶುರು ಮಾಡುತ್ತಾರೆ. ಹಳ್ಳಿಯವರು ತಿಂಗಳಿಗೆ ತಲಾ 5 ರೂಪಾಯಿ ಕೂಡಿಸಿದರೆ ಹೃದಯದ ಆಪರೇಷನ್ನೂ ಕೈಗೆಟಕುತ್ತದೆ ಎಂಬ ಲೆಕ್ಕ ಅವರದು. ಆ 5 ರೂಪಾಯಿ ವಸೂಲಿಗೆ ಸಹಕಾರ ಇಲಾಖೆ ಸಹಕಾರ ಸಂಘಗಳನ್ನು ತೊಡಗಿಸಿತು. 2002ರ ನವೆಂಬರ್‌ನಲ್ಲಿ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಉದ್ಘಾಟಿಸಿದರು; ಜಾರಿಯಾದದ್ದು 2003ರ ಜೂನ್ 1ರಿಂದ. ಮದ್ದೂರು ಕಡೆಯ ಮಹಿಳಾ ಡೈರಿಯೊಂದರಲ್ಲಿ ಕಾರ್ಯದರ್ಶಿಯಾಗಿದ್ದ ನನಗೆ ಆ ಚರಿತ್ರೆಯೆಲ್ಲ ಇರುವುದು ಹಾಲಿನ ದುಡ್ಡು ಹಂಚುವ ಬಟವಾಡೆ ಪುಸ್ತಕದಲ್ಲಿ.

ಅದು ಬರಗಾಲ. ನಾಲೆಯಲ್ಲಿ ನೀರಿಲ್ಲ, ಹಸಿಮೇವಿಲ್ಲ, ಹಾಲು ಇಳಿದಿತ್ತು. ತಲೆಗೆ ವರ್ಷಕ್ಕೆ 60 ರೂಪಾಯಿಯಂತೆ ಐದು ಜನರ ಮನೆಗೆ 300 ರೂಪಾಯಿ. ಎಣಿಸಿ ಕೊಡಿ ಅಂದರೆ ಯಾರ ಸೆರಗಿನ ಗಂಟಿನಲ್ಲೂ ಅಷ್ಟಿರಲಿಲ್ಲ. ಆದರೆ ಹಾಲಿನ ದುಡ್ಡಿನಲ್ಲಿ ಫೀಡ್ಸ್ (ಪಶು ಆಹಾರ) ಸಾಲ ಮುರಿಯುವಾಗ ಅದರ ಜೊತೆಗೇ ಸ್ವಲ್ಪ ಸ್ವಲ್ಪ ಮುರಿದರೆ ಯಾರೂ ಬೇಡ ಅನ್ನಲಿಲ್ಲ. "ಅಕ್ಕ, ಬಟವಾಡೇಲಿ ಮುರ್ಕಳಿ" ಅನ್ನುವುದೇ ನಮ್ಮಲ್ಲಿ ಅರ್ಜಿ, ಅದೇ ಸಹಿ. ಮೇಲಿನಿಂದ ಗುರಿ ಕೊಟ್ಟಿದ್ದರು, ನಿಜ. ಗುರಿ ಮುಟ್ಟಿಸಿದ್ದು ಮಾತ್ರ ಈ ಮುರಿಯುವ ವ್ಯವಸ್ಥೆ. ಮೊದಲ ವರ್ಷ ರಾಜ್ಯದಲ್ಲಿ ಸುಮಾರು 16 ಲಕ್ಷ ಜನ ಸೇರಿದರು.

ಜ್ವರಕ್ಕೆ, ಕೆಮ್ಮಿಗೆ ಕಾರ್ಡು ನಡೆಯುತ್ತಿರಲಿಲ್ಲ. ಮುಖ್ಯವಾಗಿ ಆಪರೇಷನ್‌ಗಳಿಗೆ, ಅದೂ ಪಟ್ಟಿಯಲ್ಲಿದ್ದ 1,600ಕ್ಕೂ ಹೆಚ್ಚು ಬಗೆಯವಕ್ಕೆ. ಒಂದು ಆಪರೇಷನ್‌ಗೆ 1 ಲಕ್ಷ, ಒಬ್ಬರಿಗೆ ವರ್ಷಕ್ಕೆ 2 ಲಕ್ಷದವರೆಗೆ. ದೊಡ್ಡ ಅನುಕೂಲವೆಂದರೆ ಯಾರ ಶಿಫಾರಸು ಚೀಟಿಯೂ ಬೇಡ. ಯೋಜನೆಗೆ ಸೇರಿದ ಆಸ್ಪತ್ರೆಗೆ ನೇರವಾಗಿ ಹೋಗಬಹುದಿತ್ತು. ಹರ್ನಿಯಾ, ಪಿತ್ತಕೋಶದ ಕಲ್ಲು, ಗರ್ಭಕೋಶ: ನಮ್ಮೂರವರು ಹೆಚ್ಚಾಗಿ ಹೋದದ್ದು ಇವಕ್ಕೆ. (ಗರ್ಭಕೋಶವನ್ನು ಅಷ್ಟು ಜನಕ್ಕೆ ತೆಗೆಯಲೇಬೇಕಿತ್ತೇ ಎಂಬ ಅನುಮಾನ ನನಗೆ ಆಗಲೂ ಇತ್ತು, ಈಗಲೂ ಇದೆ.)

ಸೇರಿಸುವುದಕ್ಕಿಂತ ಕಷ್ಟ ಉಳಿಸಿಕೊಳ್ಳುವುದು. ಮೇ 31ಕ್ಕೆ ಕಾರ್ಡಿನ ಆಯಸ್ಸು ಮುಗಿಯಿತು. ಮತ್ತೆ ದುಡ್ಡು, ಮತ್ತೆ ಹೆಸರು ಬರೆಸುವುದು. ವರ್ಷವಿಡೀ ಆಸ್ಪತ್ರೆ ಮೆಟ್ಟಿಲು ಹತ್ತದವರು "ಹೋದ ವರ್ಷದ್ದು ಏನಾಯ್ತಕ್ಕ?" ಎಂದು ಕೇಳುತ್ತಿದ್ದರು. ಕೊಟ್ಟ ದುಡ್ಡು ಯಾರದೋ ಆಪರೇಷನ್‌ಗೆ ಹೋಯಿತು ಅಂದರೆ ಕೆಲವರಿಗೆ ಸಮಾಧಾನ, ಕೆಲವರಿಗೆ ಸಿಟ್ಟು. ಎರಡನೇ ವರ್ಷ ಸದಸ್ಯರು 20 ಲಕ್ಷ ಮುಟ್ಟಿದ್ದರು. 2005ರಲ್ಲಿ ವಂತಿಗೆ 120ಕ್ಕೆ ಏರಿತು, ಸಂಖ್ಯೆ 15 ಲಕ್ಷಕ್ಕಿಂತ ಕೆಳಗೆ ಬಿತ್ತು.

ಪತ್ರಿಕೆಗಳು ಆ ಸಂಖ್ಯೆ ನೋಡಿದವು. ಯಾರ ಹೆಸರು ಹೋಯಿತು ಎಂದು ನಾನು ನೋಡಿದೆ. ಯಜಮಾನನಿಗೆ ಹರ್ನಿಯಾ, ಅವನ ಹೆಸರು ಇರಲಿ. ಅತ್ತೆಗೆ ಕಣ್ಣಿನ ಪೊರೆ, ಅವರದೂ ಇರಲಿ. "ಐಕ್ಳಿಗೇನಾದದಕ್ಕ, ಗುಂಡ್ಕಲ್ಲಂಗವೆ" ಎಂದು ಮಕ್ಕಳ ಹೆಸರನ್ನು ಹೊಡೆಸುತ್ತಿದ್ದರು. ಇವರು ಜಿಪುಣರಲ್ಲ. ತಲೆಗಿಷ್ಟು ಎಂದು ಲೆಕ್ಕ ಹಾಕಿದಾಗ ಬಡವರು ತಲೆ ಆರಿಸುತ್ತಾರೆ, ಅಷ್ಟೇ. ಆದರೆ ಹುಟ್ಟಿನಿಂದಲೇ ಹೃದಯದಲ್ಲಿ ರಂಧ್ರವಿರುವ ಮಗುವೂ ಎಷ್ಟೋ ವರ್ಷ ಓಡಾಡಿಕೊಂಡೇ ಇರಬಹುದು. ಇದನ್ನು ಹೇಳಿದರೆ ತಾಯಂದಿರು "ಬಿಡ್ತು ಅನ್ನಿ" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಮದುವೆಯಾಗಿ ಹೋದ ಹೆಣ್ಣುಮಕ್ಕಳದು ಇನ್ನೊಂದು ಪಾಡು. ತವರಿನ ಪಟ್ಟಿಯಿಂದ ಹೆಸರು ಹೋಯಿತು. ಗಂಡನ ಮನೆಯವರು ಯಾವ ಸೊಸೈಟಿಯ ಸದಸ್ಯರೂ ಅಲ್ಲ. ಚೊಚ್ಚಲ ಬಸುರಿ ಯಾವ ಪಟ್ಟಿಯಲ್ಲೂ ಇಲ್ಲ.

ಮಕ್ಕಳ ಹೆಸರು ಉಳಿಸುವುದಕ್ಕೆ ನನ್ನ ಕೈಹಿಡಿದದ್ದು ಒಂದು ಸಣ್ಣ ನಿಯಮ. ಒಂದೇ ಮನೆಯಿಂದ ಐದು ಅಥವಾ ಹೆಚ್ಚು ಜನ ಸೇರಿದರೆ ಶೇ 15 ರಿಯಾಯಿತಿ. ಮುಂದೆ ವಂತಿಗೆ 210 ಆದಾಗ ನಾನು ಪಟ್ಟಿಯ ಹಿಂಬದಿಯಲ್ಲೇ ಲೆಕ್ಕ ಬರೆದು ತೋರಿಸುತ್ತಿದ್ದೆ: ನಾಲ್ವರಿಗೆ 840, ಐವರಿಗೆ ರಿಯಾಯಿತಿ ಕಳೆದು 892 ರೂಪಾಯಿ 50 ಪೈಸೆ. ಕೊನೆಯ ಮಗುವಿಗೆ ಬೀಳುವುದು 52 ರೂಪಾಯಿ ಚಿಲ್ಲರೆ. ಹೃದಯದ ರಂಧ್ರದ ಮಾತಿಗೆ ಬಗ್ಗದವರು ಈ ಲೆಕ್ಕಕ್ಕೆ ಬಗ್ಗಿದರು. ಸರ್ಕಾರದವರು ಈ ರಿಯಾಯಿತಿಯನ್ನು ಡಂಗುರ ಹೊಡೆಸಿ ಹೇಳಬೇಕಿತ್ತು.

2018ರಲ್ಲಿ ಯಶಸ್ವಿನಿಯನ್ನು ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯೊಳಗೆ ಸೇರಿಸಿದರು. ಕಾಗದದಲ್ಲಿ ನೋಡಿದರೆ ಉತ್ತಮ ಏರ್ಪಾಡು: ವಂತಿಗೆಯಿಲ್ಲ, ಪಡಿತರ ಚೀಟಿ, ಆಧಾರ್ ಸಾಕು. ಆದರೆ ಬಿಪಿಎಲ್ ಚೀಟಿಯವರಿಗೆ ಪೂರ್ತಿ ಉಚಿತ, ಎಪಿಎಲ್‌ನವರಿಗೆ ಸರ್ಕಾರ ಕೊಡುವುದು ನಿಗದಿತ ವೆಚ್ಚದ ಶೇ 30 ಮಾತ್ರ. ತುರ್ತಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಶಿಫಾರಸು ಪತ್ರ ತರಬೇಕು. ಎರಡು ಹಸು, ಒಂದು ಎಕರೆ ಗದ್ದೆ, ಎಪಿಎಲ್ ಚೀಟಿ ಇರುವವರು ನಮ್ಮಲ್ಲಿ ಬೇಕಾದಷ್ಟು. ಅವರು ಹಳೆಯ ಕಾರ್ಡು ಹಿಡಿದು ಡೈರಿಗೇ ಬರುತ್ತಿದ್ದರು. ನಾನು ಮುರಿಯುವುದೂ ಇಲ್ಲ, ಬರೆಯುವುದೂ ಇಲ್ಲ. ತಾನು ಯೋಜನೆಯೊಳಗಿದ್ದೇನೋ ಹೊರಗೋ ಎಂದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ.

2022ರಲ್ಲಿ ಯಶಸ್ವಿನಿ ಮತ್ತೆ ಬಂತು, 2023ರ ಜನವರಿಯಿಂದ ಚಿಕಿತ್ಸೆ ಶುರು. ಈ ಸಲ ತಲೆಗಲ್ಲ, ಮನೆಗೆ ಲೆಕ್ಕ. ಹಳ್ಳಿಯಲ್ಲಿ ನಾಲ್ವರವರೆಗಿನ ಕುಟುಂಬಕ್ಕೆ 500 ರೂಪಾಯಿ, ಮೇಲಿನ ಒಬ್ಬೊಬ್ಬರಿಗೆ 100. ಪರಿಶಿಷ್ಟ ಜಾತಿ, ಪಂಗಡದವರ ವಂತಿಗೆ ಸರ್ಕಾರದ್ದೇ. ಮಕ್ಕಳ ಹೆಸರು ಹೊಡೆಸಿ ದುಡ್ಡು ಉಳಿಸುವುದಕ್ಕೆ ಈಗ ಹೆಚ್ಚೇನಿಲ್ಲ. ಅಷ್ಟು ವರ್ಷಗಳ ಪಟ್ಟಿಗಳಿಂದ ಯಾರೋ ಪಾಠ ಕಲಿತಿದ್ದಾರೆ.

ಆದರೆ ಅಷ್ಟರಲ್ಲಿ ಬಟವಾಡೆಯೇ ಬದಲಾಗಿತ್ತು. ನಮ್ಮ ಡೈರಿಯಲ್ಲಿ ಹಾಲಿನ ದುಡ್ಡು ಈಗ ನೇರವಾಗಿ ಬ್ಯಾಂಕ್ ಖಾತೆಗೆ ಹೋಗುತ್ತದೆ. ಈಗಿನ ಕಾರ್ಯದರ್ಶಿ ಹುಡುಗಿ ನೋಂದಣಿ ಬಂದಾಗ ಮನೆಮನೆಗೆ ಹೋಗಿ 500 ರೂಪಾಯಿಯನ್ನು ಒಟ್ಟಿಗೆ ಕೇಳಬೇಕು. ಸದಸ್ಯರಿಂದ ಒಪ್ಪಿಗೆ ಬರೆಸಿಕೊಂಡು, ಖಾತೆಗೆ ಹಾಕುವ ಮೊದಲೇ ಬಟವಾಡೆಗೆ 50ರಂತೆ ಹತ್ತು ಸಲ ಮುರಿಯಿರಿ ಎಂದು ನಾನು ಆಡಳಿತ ಮಂಡಳಿಗೆ ಹೇಳಿದ್ದೇನೆ. ಮುಂದಿನ ಸಭೆಗೆ ಇಡುತ್ತೇವೆ ಅಂದಿದ್ದಾರೆ.