ಫೋಟೋ "ಶಾರ್ಪ್" ಮಾಡುವ ಹಳೇ ಕಥೆ

ಸಂಘದ ಸ್ಮರಣ ಸಂಚಿಕೆ ಬರುತ್ತೆ ಅಂದರೆ ಸಾಕು, ಮಾಟುಂಗಾದಿಂದ ಡೊಂಬಿವಿಲಿವರೆಗೆ ಮುಂಬಯಿ ಕನ್ನಡಿಗರ ಟ್ರಂಕುಗಳಿಂದ ಹಳೇ ಫೋಟೋಗಳು ಹೊರಬೀಳುತ್ತವೆ. ಸ್ಕ್ಯಾನ್ ಮಾಡಿ ಕಳಿಸುವವರು ಜತೆಗೊಂದು ಸಾಲು ಸೇರಿಸುತ್ತಾರೆ: "ಸಾರ್, ಸ್ವಲ್ಪ ಶಾರ್ಪ್ ಮಾಡಿ ಹಾಕಿ." ಫೋಟೋಶಾಪ್‌ನಲ್ಲಿ, ಬಿಟ್ಟಿ ಸಿಗುವ ಗಿಂಪ್‌ನಲ್ಲಿ ಅದಕ್ಕೊಂದು ಸಾಧನ ಇದೆ. ಹೆಸರು ಮಾತ್ರ ವಿಚಿತ್ರ: ಅನ್‌ಶಾರ್ಪ್ ಮಾಸ್ಕ್. ಶಾರ್ಪ್ ಮಾಡೋದಕ್ಕೆ "ಅನ್‌ಶಾರ್ಪ್" ಯಾಕಪ್ಪಾ?

ಇದು ಕಂಪ್ಯೂಟರಿನವರು ಇಟ್ಟ ಹೆಸರಲ್ಲ. ಫೋಟೋಶಾಪ್ ಬಂದದ್ದು 1990ರಲ್ಲಿ. ಈ ಉಪಾಯ 1930ರ ದಶಕದಲ್ಲೇ ಡಾರ್ಕ್‌ರೂಮಿನಲ್ಲಿತ್ತು. ನೆಗೆಟಿವ್‌ನಿಂದ ಬೇಕೆಂದೇ ಮಸುಕಾದ, ತೆಳುವಾದ ಒಂದು ಪಾಸಿಟಿವ್ ತೆಗೆಯುವುದು. ಅದನ್ನು ನೆಗೆಟಿವ್‌ಗೆ ಜೋಡಿಸಿ ಎರಡನ್ನೂ ಒಟ್ಟಿಗೆ ಪ್ರಿಂಟ್ ಹಾಕುವುದು. ದೊಡ್ಡ ದೊಡ್ಡ ಭಾಗಗಳ ಕಪ್ಪು-ಬಿಳುಪಿನ ಅಂತರ ತಗ್ಗಿ, ಅಂಚುಗಳು ಎದ್ದು ಕಾಣುತ್ತವೆ. ಕಂಪ್ಯೂಟರ್ ಮಾಡುವುದೂ ಇಷ್ಟೇ. ಮೂಲದಿಂದ ಮಸುಕು ಪ್ರತಿಯನ್ನು ಕಳೆಯುತ್ತದೆ, ಉಳಿದದ್ದನ್ನು ಮೂಲಕ್ಕೆ ಕೂಡಿಸುತ್ತದೆ. ಬಿ.ಕಾಂ. ಓದಿದ ನನಗೂ ಅರ್ಥವಾಗುವ ಕೂಡು-ಕಳೆ! ಅಂಚಿನ ಕಪ್ಪು ಕಡೆ ಇನ್ನಷ್ಟು ಕಪ್ಪು, ಬಿಳಿ ಕಡೆ ಇನ್ನಷ್ಟು ಬಿಳಿ. ಕ್ಯಾಮೆರಾ ನೋಡದ ವಿವರ ಒಂದೂ ಹೊಸದಾಗಿ ಬರುವುದಿಲ್ಲ.

ಈಗ ನಮ್ಮ ಮುಂಬಯಿಗೆ ಬನ್ನಿ. ಬಾಂಬೆ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿದ್ದು 1854ರಲ್ಲಿ. ಮರುವರ್ಷವೇ ಬಾಂಬೆ ಸರ್ಕಾರ ಕ್ಯಾಪ್ಟನ್ ಥಾಮಸ್ ಬಿಗ್ಸ್ ಎಂಬ ಫಿರಂಗಿದಳದ ಅಧಿಕಾರಿಯನ್ನು ಬಿಜಾಪುರ, ಬಾದಾಮಿ, ಐಹೊಳೆ ಕಡೆ ಕಳಿಸಿತು. ಚಿತ್ರ ಬರೆಯುವ ಬದಲು ಫೋಟೋ ತೆಗೆದು ತಾ ಅಂತ. ಆತ ಸೈನ್ಯಕ್ಕೆ ವಾಪಸಾದ ಮೇಲೆ ಡಾ. ಪಿಗೌ ಆ ಕೆಲಸ ಮುಂದುವರಿಸಿದ. ಬಿಗ್ಸ್‌ನದು ಕಾಗದದ ನೆಗೆಟಿವ್. ಬೆಳಕು ಹಾಯಲೆಂದು ಮೇಣ ಹಚ್ಚಿದರೂ ಕಾಗದದ ನಾರು ಪ್ರಿಂಟಿನಲ್ಲಿ ಸ್ವಲ್ಪ ಮೂಡೇ ಮೂಡುತ್ತಿತ್ತು. 1866ರಲ್ಲಿ ಇವರ ಚಿತ್ರಗಳು ಲಂಡನ್ನಿನಲ್ಲಿ ದೊಡ್ಡ ಪುಸ್ತಕಗಳಾದವು. ಆ ಸರಣಿಗೆ ಆಸರೆಯಾದವರಲ್ಲಿ ಒಬ್ಬ ಪ್ರೇಮಚಂದ್ ರಾಯಚಂದ್. ಹೌದು, 1865ರ ಷೇರು ಕುಸಿತದ ಅದೇ ಪ್ರೇಮಚಂದ್. (ಬ್ಯಾಂಕಿನವರಿಗೆ ಈ ಹೆಸರು ಮರೆಯೋದಿಲ್ಲ ಬಿಡಿ!)

ಅದೇ ಹೊತ್ತಿಗೆ ಧಾರವಾಡ, ಮೈಸೂರು ಸೀಮೆಯ ಶಾಸನಗಳ ಫೋಟೋಗಳನ್ನೂ ಹೋಪ್ ಎಂಬ ಅಧಿಕಾರಿ ಸಂಗ್ರಹಿಸಿ ಹೊರತಂದ. ಜೆ.ಎಫ್. ಫ್ಲೀಟ್ ಹಳಗನ್ನಡ ಶಾಸನಗಳನ್ನು "ಇಂಡಿಯನ್ ಆಂಟಿಕ್ವರಿ"ಯಲ್ಲಿ ಪ್ರಕಟಿಸುವಾಗ ಇಂಥ ಫೋಟೋಗಳನ್ನೂ ಮುಂದಿಟ್ಟುಕೊಂಡಿದ್ದ. ಆ ಪತ್ರಿಕೆ ಅಚ್ಚಾಗುತ್ತಿದ್ದದ್ದು ನಮ್ಮ ಭಾಯಖಳಾದಲ್ಲಿ! ಅಂದರೆ ಆ ಫೋಟೋ ಬರೀ ನೋಟಕ್ಕಲ್ಲ, ಓದೋದಕ್ಕೆ. ಕಲ್ಲಿನ ಮೇಲಿನ ಒಂದು ಗೀರು ಅಕ್ಷರವೋ ಬಿರುಕೋ ಎನ್ನುವುದರ ಮೇಲೆ ಒಬ್ಬ ರಾಜನ ಕಾಲ ನಿಲ್ಲಬಹುದು. ಅಂಥ ಸ್ಕ್ಯಾನನ್ನು ಯದ್ವಾತದ್ವಾ ಶಾರ್ಪ್ ಮಾಡಿದರೆ ಕಾಗದದ ನಾರೂ ಗೀರಾಗಿ ಎದ್ದು ಕೂರುತ್ತದೆ. ಬ್ಯಾಂಕಿನಲ್ಲಿ ಚೆಕ್ಕಿನ ಸಹಿ ತಾಳೆ ನೋಡುತ್ತೇವಲ್ಲ, ಆಗ ಮಾದರಿ ಸಹಿಯ ಕಾರ್ಡನ್ನೇ ಪೆನ್ನಿನಿಂದ ತಿದ್ದಿದ ಹಾಗೆ.

ಹೊಸಬರಿಗೆ ನಾನು ಹೇಳೋದು ಸುಲಭ. ಮೂಲ ಸ್ಕ್ಯಾನ್ ಮುಟ್ಟಬೇಡಿ, ಪ್ರತಿ ಮಾಡಿಕೊಳ್ಳಿ. ಬಣ್ಣ, ಬೆಳಕು, ಅಳತೆ ಎಲ್ಲ ಸರಿಮಾಡಿ, ಕೊನೆಗೆ ಶಾರ್ಪ್ ಮಾಡಿ. ಚಿತ್ರವನ್ನು 100% ಇಟ್ಟುಕೊಂಡೇ ನೋಡಿ. "ರೇಡಿಯಸ್" ಅಂದರೆ ಅಂಚಿನ ಸುತ್ತ ಎಷ್ಟು ಅಗಲ. ಒಂದು ಪಿಕ್ಸೆಲ್ ಆಸುಪಾಸಿನಿಂದ ಶುರು ಮಾಡಿ. "ಅಮೌಂಟ್" ಅಂದರೆ ಎಷ್ಟು ಜೋರು. "ಥ್ರೆಶೋಲ್ಡ್" ಸ್ವಲ್ಪ ಏರಿಸಿದರೆ ನಾರು, ಧೂಳಿನಂಥ ಸಣ್ಣ ವ್ಯತ್ಯಾಸಗಳನ್ನು ಬಿಟ್ಟುಬಿಡುತ್ತದೆ. ಅಜ್ಜನ ರುಮಾಲಿನ ಸುತ್ತ ಬಿಳಿ ಗೆರೆ ಕಂಡಿತೋ, ಅತಿಯಾಯ್ತು ಅಂತ ತಿಳಿಯಿರಿ. ಕೈ ಅಲ್ಲಾಡಿ ಕೆಟ್ಟ ಫೋಟೋ ಇದರಿಂದ ಸರಿಹೋಗೋದಿಲ್ಲ.

ಈಗಿನ ಎಐ ಆ್ಯಪ್‌ಗಳ ವಿಷಯ ಬೇರೆ. ಅವು ಇಲ್ಲದ ರೆಪ್ಪೆಗೂದಲನ್ನೂ ಬಿಡಿಸಿಡುತ್ತವೆ. ಚಂದ ಕಾಣುತ್ತೆ, ಆದರೆ ಆ ಮುಖ ನಿಮ್ಮ ಅಜ್ಜಿಯದೇ ಅಂತ ನಾನು ಸಹಿ ಹಾಕಲಾರೆ.

1856ರಲ್ಲಿ ಗ್ರೀನ್‌ಲಾ ಎಂಬ ಸೇನಾಧಿಕಾರಿ ಹಂಪಿಯನ್ನೂ ಮೇಣದ ಕಾಗದದ ನೆಗೆಟಿವ್‌ಗಳಲ್ಲೇ ತೆಗೆದ. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅವನು ನಿಂತ ಜಾಗಗಳನ್ನೇ ಹುಡುಕಿ, ಅವೇ ನೋಟಗಳನ್ನು ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಗ್ರೀನ್‌ಲಾನದು ಕೊಂಚ ಮಸುಕೇ. ಆದರೂ ಯಾವ ಕಂಬ ಆಗ ನಿಂತಿತ್ತು, ಯಾವುದು ಬಿದ್ದಿತ್ತು ಅಂತ ಬೆರಳಿಟ್ಟು ತೋರಿಸಬಹುದು.